ಬಿಲ್ಲು ಬೇರೆ, ಹೆಣ ಬೇರೆ: ಕೆಪಿಎಂಇ ಕಾಯ್ದೆಯ ಒಂದು ಪ್ರಕರಣ

ಜಿಲ್ಲಾಧಿಕಾರಿ ಕಚೇರಿ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸಿಗಿಂತ ಅರ್ಜಿ ಬರೆದು ಕೊಡುವ ಕೆಲಸವೇ ಜಾಸ್ತಿ. ವಂಶಾವಳಿ, ಉತಾರ (ಪಹಣಿ) ತಿದ್ದುಪಡಿ, ವಿಧವಾ ವೇತನ, ಬೆಳೆ ಪರಿಹಾರ. ಇಷ್ಟು ವರ್ಷದಲ್ಲಿ ಎಷ್ಟು ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಆಸ್ಪತ್ರೆ ಮೇಲೆ ಅರ್ಜಿ ಬರೆದದ್ದು ಒಂದೇ ಸಲ, ಅದೂ ನಮ್ಮ ಮನೆಯದೇ. ಅದನ್ನು ಇಲ್ಲಿ ಮೊದಲಿಂದ ಹೇಳುತ್ತೇನೆ. ಜಿಲ್ಲೆಯ ಹೆಸರು ಹೇಳುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ಮೂರರಲ್ಲಿ ಒಂದು ಅಂದುಕೊಳ್ಳಿ. ಆಸ್ಪತ್ರೆಯ ಹೆಸರೂ ಬೇಡ, ಕಚೇರಿಯ ಹೆಸರೂ ಬೇಡ. ಹೆಸರು ಹೇಳಿದರೆ ಓದುವವರ ಸಿಟ್ಟೆಲ್ಲ ಅವರ ಮೇಲೆ ಹೋಗುತ್ತದೆ. ನನ್ನ ತಕರಾರು ಇರುವುದು ಕಾಯ್ದೆಯಲ್ಲಿ ಬಿಟ್ಟುಹೋಗಿರುವ ಒಂದೆರಡು ಸಣ್ಣ ಸಂಗತಿಗಳ ಬಗ್ಗೆ.

ಕೆಪಿಎಂಇ ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಬಂದದ್ದು 2007ರಲ್ಲಿ. ದೊಡ್ಡ ತಿದ್ದುಪಡಿ ಆದದ್ದು 2017ರಲ್ಲಿ, ಅದೂ ನಮ್ಮ ಬೆಳಗಾವಿಯಲ್ಲೇ. ಆ ಕಥೆಗೆ ಆಮೇಲೆ ಬರುತ್ತೇನೆ.

ಆಗಿದ್ದು ಏನು

2024ರ ಆಗಸ್ಟ್. ಕೃಷ್ಣಾ ದಂಡೆಯ ಊರು. ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ಕಬ್ಬಿಗೆ ನೀರು ಹಾಯಿಸಲು ರಾತ್ರಿ ಹೊಲಕ್ಕೆ ಹೋಗಿದ್ದ. ಆ ವಾರ ತ್ರೀ ಫೇಸ್ ಕರೆಂಟಿನ ಪಾಳಿ ರಾತ್ರಿ ಇತ್ತು. ಕಾಲಿಗೆ ಚಪ್ಪಲಿ ಅಷ್ಟೇ. ಹಾವು ಕಡಿಯಿತು. ಮೊಬೈಲ್ ಬೆಳಕಿನಲ್ಲಿ ನೋಡಿದವನು ಕೊಳಕುಮಂಡಲ ಅಂದ. 108ರಲ್ಲಿ ತಾಲೂಕು ಆಸ್ಪತ್ರೆಗೆ ಒಯ್ದರು. ಅಲ್ಲಿ ಹಾವಿನ ವಿಷ ಇಳಿಸುವ ಇಂಜೆಕ್ಷನ್, ಎಎಸ್‌ವಿ, 10 ವೈಯಲ್ (ಸಣ್ಣ ಬಾಟ್ಲಿ) ಹಾಕಿದರು, ಪುಕ್ಕಟೆ. ಬೆಳಗಾಗುವಷ್ಟರಲ್ಲಿ ಒಸಡಿನಿಂದ ರಕ್ತ, ಮೂತ್ರ ಬಂದ್. ಡ್ಯೂಟಿ ಡಾಕ್ಟರು, "ಕಿಡ್ನಿಗೆ ಹೊಡ್ತ ಬಿದ್ದಂಗ ಕಾಣ್ತೈತಿ, ಡಯಾಲಿಸಿಸ್ ಇರೋ ಕಡೆ ಲಗೂನ ಒಯ್ರಿ" ಅಂದರು.

ಬೀಗರೊಬ್ಬರು ಮಿರಜಿಗೆ ಒಯ್ಯೋಣ ಅಂದರು. ನಮ್ಮ ಕಡೆ ಇದು ಹಳೇ ರೂಢಿ, ಯಾವ ಜಡ್ಡೂ ಕೈ ಮೀರಿದರೆ ಮಿರಜು. ಒಯ್ದಿದ್ದರೆ ಈ ಪ್ರಕರಣವೇ ಬೇರೆ ಆಗುತ್ತಿತ್ತು. ಕಾಗವಾಡ ದಾಟಿದ ಮೇಲೆ ಕೆಪಿಎಂಇ ಇಲ್ಲ, ಅಲ್ಲಿ ಮಹಾರಾಷ್ಟ್ರದ 1949ರ ನರ್ಸಿಂಗ್ ಹೋಮ್ ಕಾಯ್ದೆ. ಆದರೆ ಅಷ್ಟು ದೂರ ತಾಳುವ ಸ್ಥಿತಿ ಇರಲಿಲ್ಲ. ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು.

ಕೌಂಟರಿನಲ್ಲಿ 20,000 ಅಡ್ವಾನ್ಸ್ ಕೇಳಿದರು. ತುರ್ತು ಇರುವಾಗ ಅಡ್ವಾನ್ಸಿಗೆ ಪಟ್ಟು ಹಿಡಿಯಬಾರದು ಅಂತ ಕಾಯ್ದೆ ಹೇಳುತ್ತದೆ. ಆ ಹೊತ್ತಿಗೆ ಅದು ಯಾರ ನೆನಪಿಗೂ ಬರಲಿಲ್ಲ, ಅಲ್ವಾ? ಜೇಬಿನಲ್ಲಿ ಇತ್ತು, ಕಟ್ಟಿದೆವು. ಎಷ್ಟಾಗಬಹುದು ಅಂತ ಕೇಳಿದ್ದಕ್ಕೆ "ಒಂದ್ ಲಕ್ಷದೊಳಗ ಆಗ್ತೈತ್ರಿ" ಅಂದರು. ಬಾಯಿ ಮಾತು. ಬರೆದು ಕೊಡಿ ಅಂತ ನಾನೂ ಕೇಳಲಿಲ್ಲ. ದಿನವಿಡೀ ಊರವರಿಗೆ "ಎಲ್ಲಾ ಬರವಣಿಗೆಯೊಳಗ ಇರ್ಲಿ" ಅಂತ ಬುದ್ಧಿ ಹೇಳುವವನು ನಾನು!

ನಾಲ್ಕು ಡಯಾಲಿಸಿಸ್ ಆದವು. ಐದನೇ ದಿನ ನಸುಕಿನ 4 ಗಂಟೆ 40 ನಿಮಿಷಕ್ಕೆ ಅಣ್ಣ ಹೋದ.

ಆರು ಗಂಟೆಗೆ ಕೌಂಟರಿನಿಂದ ಚೀಟಿ ಬಂತು. ಒಟ್ಟು 1,86,400. ಕಟ್ಟಿದ್ದು 90,000. ಬಾಕಿ 96,400. "ಬಾಕಿ ಕ್ಲಿಯರ್ ಮಾಡಿ ಬಾಡಿ ಒಯ್ರಿ" ಅಂದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬೇಕು. ಅವನ ಮೇಲೆ ಸಿಟ್ಟು ಮಾಡಿ ಉಪಯೋಗ ಇಲ್ಲ, ಅವನಿಗೆ ಹಾಗೆ ಹೇಳಿಕೊಟ್ಟಿರುತ್ತಾರೆ. ವೈನಿ, ಅಂದರೆ ಅಣ್ಣನ ಹೆಂಡತಿ, ಏನೂ ಮಾತಾಡಲಿಲ್ಲ. ಕೊರಳಿಗೆ ಕೈ ಹಾಕಿ ಬಂಗಾರದ ಬೋರಮಾಳ ತೆಗೆದು ಮಗನ ಕೈಗೆ ಕೊಟ್ಟರು. ಬಂಗಾರದ ಅಂಗಡಿ ಬಾಗಿಲು ತೆರೆಯೋದು ಹತ್ತಕ್ಕೆ, ಅಲ್ಲಿತನಕ ಕೂಡಬೇಕು ಅಂತ ಅವನು ಹೊರಗಿನ ಕಟ್ಟೆ ಮೇಲೆ ಕೂತ. ನಾನು ಅದನ್ನು ಇಸಿದುಕೊಂಡು ವೈನಿ ಕೈಗೇ ತಿರುಗಿ ಕೊಟ್ಟೆ.

ಎರಡೂ ಕಡೆ ಅರ್ಧರ್ಧ ಸತ್ಯ

ರೋಗಿ ತೀರಿಕೊಂಡರೆ ಬಾಕಿ ಹಣಕ್ಕೆ ಹೆಣ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ಹೆಣ ಕೊಟ್ಟು ಹಣ ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ಇದು 2017ರ ತಿದ್ದುಪಡಿಯಲ್ಲಿ ಬಂದ ಮಾತು. ಮೊಬೈಲಿನಲ್ಲಿ ಅದನ್ನು ತೆಗೆದು ಮ್ಯಾನೇಜರಿಗೆ ತೋರಿಸಿದೆ. ಅವರು ಸಮಾಧಾನವಾಗಿಯೇ ಓದಿದರು.

"ಇದು ನಮಗೂ ಗೊತ್ತೈತ್ರಿ. ಆದ್ರ ಇದು ಎಂಎಲ್‌ಸಿ ಕೇಸು. ಪೊಲೀಸರು ಬರೂತನಕ ಬಾಡಿ ಕೊಡಾಕ ಬರೂದಿಲ್ಲ."

ಅದೂ ಖರೆ. ಎಂಎಲ್‌ಸಿ ಅಂದರೆ ಮೆಡಿಕೋ ಲೀಗಲ್ ಕೇಸು, ಪೊಲೀಸರಿಗೆ ತಿಳಿಸಲೇಬೇಕಾದದ್ದು. ಹಾವು ಕಡಿದು ಸತ್ತರೆ ಅಸಹಜ ಸಾವು. ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಬೇಕು, ಪಂಚನಾಮೆ ಆಗಬೇಕು, ಪೋಸ್ಟ್ ಮಾರ್ಟಂ ಆಗಬೇಕು. ಮೊದಲು ಇದನ್ನು 174ನೇ ಕಲಂ ಅನ್ನುತ್ತಿದ್ದರು, 2024ರ ಜುಲೈಯಿಂದ ಹೊಸ ಕಾನೂನಿನಲ್ಲಿ 194ನೇ ಕಲಂ. ಇಂಥ ಕೇಸಿನಲ್ಲಿ ಆಸ್ಪತ್ರೆಯವರು ಹೆಣವನ್ನು ನೇರ ಮನೆಯವರ ಕೈಗೆ ಕೊಟ್ಟರೆ ಅವರದೇ ತಪ್ಪಾಗುತ್ತದೆ. ನಮಗೂ ನಷ್ಟ. ರೈತ ಹಾವು ಕಡಿದು ಸತ್ತರೆ ಸರ್ಕಾರದಿಂದ 2 ಲಕ್ಷ ಪರಿಹಾರ ಇದೆ. ಪೋಸ್ಟ್ ಮಾರ್ಟಂ ವರದಿ ಇಲ್ಲದೆ ಆ ಅರ್ಜಿ ಮುಂದಕ್ಕೇ ಹೋಗುವುದಿಲ್ಲ. ನಮ್ಮ ಕಾಕಾ ಒಬ್ಬರು "ಕೊಯ್ಸೂದು ಬ್ಯಾಡ, ಹಂಗ ಒಯ್ಯೂಣು" ಅಂತ ಹಟ ಹಿಡಿದಿದ್ದರು. ಇಂಥ ಮಾತು ಕೇಳಿ ಪರಿಹಾರ ಕಳೆದುಕೊಂಡವರ ಅರ್ಜಿ ನಾನೇ ಬರೆದಿದ್ದೇನೆ.

ಹಾಗಾದರೆ ನನ್ನ ತಕರಾರು ಏನು? ಪೊಲೀಸರಿಗೆ ತಿಳಿಸಿದ್ದು ಯಾವಾಗ ಅಂತ ಕೇಳಿದೆ. ಮ್ಯಾನೇಜರು ರಿಜಿಸ್ಟರ್ ತೆಗೆದರು. ಇನ್ನೂ ತಿಳಿಸಿರಲಿಲ್ಲ. ಆಗ ಗಂಟೆ 9 ದಾಟಿತ್ತು. ನಮ್ಮ ಎದುರಿಗೇ ಚೀಟಿ ಬರೆದು, 9:15 ಅಂತ ಸಮಯ ಹಾಕಿ, ವಾರ್ಡ್ ಬಾಯ್ ಕೈಲಿ ಠಾಣೆಗೆ ಕಳಿಸಿದರು.

ನಸುಕಿನ 4:40ರಿಂದ 9:15. ಈ ನಾಲ್ಕೂವರೆ ತಾಸು ಹೆಣ ನಿಂತದ್ದು ಬಿಲ್ಲಿಗಾಗಿಯೋ, ಎಂಎಲ್‌ಸಿಗಾಗಿಯೋ? ನನ್ನ ಲೆಕ್ಕದಲ್ಲಿ ಬಿಲ್ಲಿಗಾಗಿ. ಅವರ ಲೆಕ್ಕದಲ್ಲಿ ರಾತ್ರಿ ಪಾಳಿಯವರು ಬದಲಾಗುವ ಹೊತ್ತು, ಮರೆತುಹೋಯಿತು. ಯಾವುದನ್ನೂ ಸಾಬೀತು ಮಾಡಲು ಬರುವುದಿಲ್ಲ. ಯಾಕಂದರೆ ಬಿಲ್ಲಿನ ವ್ಯವಹಾರ, ಪೊಲೀಸ್ ವ್ಯವಹಾರ ಎರಡೂ ಒಂದೇ ಕೌಂಟರಿನಲ್ಲಿ, ಒಂದೇ ಬಾಯಲ್ಲಿ ನಡೆಯುತ್ತವೆ. ಕಾಯ್ದೆ ಹೆಣ ಕೊಡಿ ಅಂದಿದೆ. ಯಾರ ಕೈಗೆ, ಯಾವ ಹೊತ್ತಿನೊಳಗೆ, ಯಾವ ಕಾಗದದ ಮೇಲೆ, ಇದನ್ನು ಕೌಂಟರಿನ ಹುಡುಗನಿಗೆ ಅರ್ಥವಾಗುವ ಹಾಗೆ ಯಾರೂ ಬರೆದಿಟ್ಟಿಲ್ಲ.

ನಾನು ಕೌಂಟರಿನ ಮೇಲೇ ಒಂದು ಎ4 ಹಾಳೆ ಇಸಿದುಕೊಂಡೆ. ಮೇಲ್ಭಾಗದಲ್ಲಿ ಸಾವಿನ ಸಮಯ, ಠಾಣೆಗೆ ತಿಳಿಸಿದ ಸಮಯ, ಚೀಟಿ ಒಯ್ದವನ ಸಹಿ. ನಡುವೆ ಒಂದು ಗೆರೆ. ಕೆಳಗೆ ಒಟ್ಟು ಬಿಲ್, ಕಟ್ಟಿದ್ದು, ಬಾಕಿ. ಅದರ ಕೆಳಗೆ ಮೂರೇ ಸಾಲು: ಈ ಬಾಕಿಗೂ ಹೆಣ ಹಸ್ತಾಂತರಕ್ಕೂ ಸಂಬಂಧ ಇಲ್ಲ. ಬಿಲ್ಲಿನ ವಿವರ ನೋಡಿ ತಕರಾರು ಹೇಳುವ ಹಕ್ಕು ಮನೆಯವರಿಗಿದೆ. ಇತ್ಯರ್ಥವಾದ ಹಣವನ್ನು ಕಬ್ಬಿನ ಬಿಲ್ ಬಂದ ಮೇಲೆ ಎರಡು ಕಂತಿನಲ್ಲಿ ಕಟ್ಟುತ್ತೇವೆ.

ಮ್ಯಾನೇಜರು ಅದನ್ನು ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ಡಾಕ್ಟರೇ ಹೊರಗೆ ಬಂದರು. ರಾತ್ರಿಯಿಡೀ ನಿದ್ದೆ ಇರಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹಾಳೆ ಓದಿ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ. "ನಂದು ಮೂವತ್ತು ಬೆಡ್ಡಿನ ಆಸ್ಪತ್ರಿ. ರೊಕ್ಕ ಬರ್ಲಿಲ್ಲ ಅಂದ್ರ ಮುಂದಿನ ತಿಂಗಳ ಎಎಸ್‌ವಿ ತರ್ಸಾಕ ಆಗೂದಿಲ್ಲ. ಆಮ್ಯಾಲೆ ವಸೂಲಿ ಮಾಡ್ರಿ ಅಂತಾರ. ಹೆಂಗ ಅಂತ ಯಾರೂ ಹೇಳೂದಿಲ್ಲ." ಸಹಿ ಮಾಡಿದರು. ಎರಡು ಪ್ರತಿ, ಅವರಿಗೊಂದು ನಮಗೊಂದು. ಮಧ್ಯಾಹ್ನ ಪೊಲೀಸರು ಬಂದರು, ಪೋಸ್ಟ್ ಮಾರ್ಟಂ ಆಯಿತು, ಹೊತ್ತು ಮುಳುಗುವ ಮುಂಚೆ ಮಣ್ಣು ಕೊಟ್ಟೆವು.

ಬೆಳಗಾವಿಯಲ್ಲಿ ಆ ನವೆಂಬರ್

ಈ ಕಾಯ್ದೆ ಈ ರೂಪಕ್ಕೆ ಬಂದ ಬಗೆ ಗೊತ್ತಿದ್ದರೆ ಅದರಲ್ಲಿ ಏನಿದೆ, ಏನು ಬಿಟ್ಟುಹೋಗಿದೆ ಅನ್ನುವುದು ತಿಳಿಯುತ್ತದೆ. ತಿದ್ದುಪಡಿಗೆ ಮುಂಚೆ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಸಮಿತಿ ಕೂತಿತ್ತು. 2017ರ ಜೂನ್‌ನಲ್ಲಿ ಆರೋಗ್ಯ ಸಚಿವ ರಮೇಶ್ ಕುಮಾರ್ ಮಸೂದೆ ತಂದರು. ಅದರಲ್ಲಿ ಚಿಕಿತ್ಸೆಗೆ ಸರ್ಕಾರ ದರ ಕಟ್ಟುವ ಮಾತಿತ್ತು, ಡಾಕ್ಟರುಗಳಿಗೆ ಜೈಲಿನ ಮಾತಿತ್ತು, ಜಿಲ್ಲೆಗೊಂದು ದೂರು ಸಮಿತಿಯ ಮಾತಿತ್ತು. ನವೆಂಬರ್ 13ಕ್ಕೆ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾಯಿತು. ರಾಜ್ಯದ ಎಲ್ಲಾ ಕಡೆಯಿಂದ ಡಾಕ್ಟರುಗಳು ಬೆಳಗಾವಿಗೆ ಬಂದು ಧರಣಿ ಕೂತರು. ಊರೂರಲ್ಲಿ ಖಾಸಗಿ ಆಸ್ಪತ್ರೆಗಳ ಒಪಿಡಿ ಬಂದ್. ಚಿಕಿತ್ಸೆ ಸಿಗದೆ ಸತ್ತವರ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತಿತ್ತು. ಹೈಕೋರ್ಟ್ ಮಧ್ಯೆ ಬಂತು, ಮುಖ್ಯಮಂತ್ರಿ ಸಿದ್ದರಾಮಯ್ಯ ಡಾಕ್ಟರುಗಳ ಜೊತೆ ಮಾತಾಡಿದರು, ಮುಷ್ಕರ ಮುಗಿಯಿತು. ಅದೇ ಅಧಿವೇಶನದಲ್ಲಿ ಮೆತ್ತಗಾದ ಮಸೂದೆ ಪಾಸಾಯಿತು. ಜೈಲು ಮುಖ್ಯವಾಗಿ ನೋಂದಣಿ ಇಲ್ಲದೆ ನಡೆಸುವವರಿಗೆ ಉಳಿಯಿತು. ಸರ್ಕಾರ ದರ ಕಟ್ಟುವುದು ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ಸೀಮಿತವಾಯಿತು. ಸರ್ಕಾರಿ ಆಸ್ಪತ್ರೆಗಳನ್ನೂ ಇದರೊಳಗೆ ತನ್ನಿ ಅಂತ ಡಾಕ್ಟರುಗಳು ಕೇಳಿದ್ದು ಆಗಲಿಲ್ಲ.

ರೋಗಿಗಳ ಕಡೆಗೆ ಉಳಿದದ್ದು ಕಡಿಮೆಯೇನಲ್ಲ. ದರಪಟ್ಟಿ ಕಾಣುವ ಹಾಗೆ ಹಾಕಬೇಕು. ರೋಗಿಗಳ ಹಕ್ಕಿನ ಸನ್ನದು ಬಂತು. ಹೆಣದ ಮಾತು ಬಂತು. ಜಿಲ್ಲೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಬಂತು, ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಆ ದಿನಗಳಲ್ಲಿ ಎಲ್ಲರ ಬಾಯಲ್ಲಿ ಜೈಲು, ದರ, ಜೈಲು, ದರ. ದೂರು ಕೊಡುವವನು ಯಾವ ಟೇಬಲ್ಲಿಗೆ ಹೋಗಬೇಕು ಅಂತ ಯಾರೂ ಗಂಟಲು ಹರಿದುಕೊಳ್ಳಲಿಲ್ಲ. ಗಂಟಲು ಹರಿದುಕೊಳ್ಳುವಂಥ ವಿಷಯವೂ ಅಲ್ಲ ಅದು, ಬಿಡಿ. ಆದರೆ ನಾವು ಸಿಕ್ಕಿಹಾಕಿಕೊಂಡದ್ದು ಅಲ್ಲೇ.

ಅರ್ಜಿ ನಡೆದ ದಾರಿ

ಅಣ್ಣನ ದಿನಕರ್ಮ ಮುಗಿಸಿದ ಮೇಲೆ ಮೊದಲು ಆಸ್ಪತ್ರೆಗೆ ಒಂದು ಅರ್ಜಿ ಬರೆದೆ: ಕೇಸ್ ಶೀಟ್ ಪ್ರತಿ ಕೊಡಿ. ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲಿ, ಕೇಳಿದ 72 ತಾಸಿನೊಳಗೆ ದಾಖಲೆ ಕೊಡಬೇಕು ಅಂತ ಇದೆ. ಗಡಿಯಾರ ಇರುವ ನಿಯಮ ಎಷ್ಟು ಚಂದ ನೋಡಿ, ಮೂರನೇ ದಿನ ಪ್ರತಿ ಕೈಗೆ ಬಂತು.

ಅಂಗಡಿಯ ಟೇಬಲ್ ಮೇಲೆ ಒಂದು ಕಡೆ ಬಿಲ್, ಇನ್ನೊಂದು ಕಡೆ ಕೇಸ್ ಶೀಟ್ ಇಟ್ಟುಕೊಂಡು ಸ್ಕೇಲ್ ಹಿಡಿದು ಸಾಲುಸಾಲಾಗಿ ನೋಡಿದೆ. ಅಣ್ಣನ ಮಗ ಓದುತ್ತಿದ್ದ, ನಾನು ಟಿಕ್ ಹಾಕುತ್ತಿದ್ದೆ. ಡಯಾಲಿಸಿಸ್ ನಾಲ್ಕು, ಎರಡೂ ಕಡೆ ನಾಲ್ಕು. ರಕ್ತ ತಪಾಸಣೆ ಸರಿ. ಎಎಸ್‌ವಿ ಬಿಲ್ಲಿನಲ್ಲಿ 30 ವೈಯಲ್. ನರ್ಸುಗಳು ಬರೆದ ಹಾಳೆಯಲ್ಲಿ ಮೊದಲ ದಿನ 10, ರಾತ್ರಿ 6, ಮರುದಿನ 6. ಇಪ್ಪತ್ತೆರಡು. ಇನ್ನೊಂದು ಸಲ ಎಣಿಸಿದೆವು, ಇಪ್ಪತ್ತೆರಡೇ. ಆಮೇಲೆ, ನಸುಕಿನ 4:40ಕ್ಕೆ ತೀರಿಕೊಂಡ ದಿನಕ್ಕೂ ಐಸಿಯು ಪೂರ್ತಿ ದಿನದ ಚಾರ್ಜ್.

ದೂರಿನ ಅರ್ಜಿಯಲ್ಲಿ ಇವೆರಡನ್ನೇ ಬರೆದೆ. ಚಿಕಿತ್ಸೆ ಸರಿ ಆಗಲಿಲ್ಲ ಅಂತಲೂ ಸೇರಿಸು ಅಂತ ಮನೆಯಲ್ಲಿ ಒತ್ತಾಯ. ನಾನು ಒಪ್ಪಲಿಲ್ಲ. ಡಾಕ್ಟರ ಕೆಲಸದ ತಪ್ಪು ಹುಡುಕುವುದು ಮೆಡಿಕಲ್ ಕೌನ್ಸಿಲ್ಲಿನ ವಿಷಯ. ಅದನ್ನು ಇದರಲ್ಲಿ ಕಲಸಿದರೆ ಬಿಲ್ಲಿನ ಅರ್ಜಿಯೂ ಅದರ ಹಿಂದೆ ಹೋಗಿ ಕೂತುಬಿಡುತ್ತದೆ. ಒಂದು ಹಾಳೆಗೆ ಒಂದೇ ಬೇಡಿಕೆ, ಇದು ನಮ್ಮ ಕಸುಬಿನ ಮೊದಲ ಪಾಠ. ಮೇಲಾಗಿ, ಆ ಡಾಕ್ಟರ ತಪ್ಪು ಅಂತ ನನಗೆ ಅನಿಸಿಯೂ ಇರಲಿಲ್ಲ.

ದೂರು ಕೊಡಲು ಆ ಪ್ರಾಧಿಕಾರದ ಕಚೇರಿಗೆ ಹೋದರೆ ಟಪಾಲು ತಗೊಳ್ಳುವವರು ಅರ್ಜಿಯನ್ನು ಹಿಂದೆ ಮುಂದೆ ತಿರುವಿ ನೋಡಿದರು. "ಇದನ್ನ ಯಾವ ಫೈಲಿನ್ಯಾಗ ಹಾಕೂದ್ರಿ?" ಅಂತ ನನ್ನನ್ನೇ ಕೇಳಿದರು. ನೋಂದಣಿ ಟೇಬಲ್ಲಿಗೆ ಹೋಗಿ ಅಂದರು. ಅಲ್ಲಿ, ಇಲ್ಲಿ ಬರೀ ನೋಂದಣಿ ಅಂದರು. ಎರಡನೇ ಸಲ ಸಾಹೇಬರು ಮೀಟಿಂಗಿನಲ್ಲಿ. ಮೂರನೇ ಸಲ ಅರ್ಜಿ ತಗೊಂಡರು, ಇನ್‌ವರ್ಡ್ ನಂಬರ್ ಹಾಕಿದ ಸ್ವೀಕೃತಿ ಕೇಳಿದರೆ "ಬಿಟ್ಟು ಹೋಗ್ರಿ, ಆಗ್ತೈತಿ" ಅಂದರು. ಬಿಟ್ಟು ಬರಲಿಲ್ಲ. ವಾಪಸ್ ತಂದು ಅಧ್ಯಕ್ಷರಿಗೊಂದು, ಸದಸ್ಯ ಕಾರ್ಯದರ್ಶಿಗೊಂದು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ರಸ್ತೆ ದಾಟಿದರೆ ಸಿಗುವ ಕಚೇರಿಗೆ ಅಂಚೆಯಲ್ಲಿ ಅರ್ಜಿ ಕಳಿಸಿದ್ದಕ್ಕೆ ಪಕ್ಕದ ಚಹಾ ಅಂಗಡಿಯವರು ಇವತ್ತಿಗೂ ನಗುತ್ತಾರೆ. ಆದರೆ ಸಹಿ ಆದ ಕಾರ್ಡು ಮರಳಿ ಬಂತು.

ಏಳನೇ ವಾರಕ್ಕೆ ಕರೆ ಬಂತು. ಒಂದೇ ಸಭೆ, ಅರ್ಧ ತಾಸು. ಮ್ಯಾನೇಜರು ಫಾರ್ಮಸಿ ಪುಸ್ತಕ ತಂದಿದ್ದರು. ವಾರ್ಡಿನಿಂದ 30 ಬೇಕು ಅಂತ ಚೀಟಿ ಹೋಗಿತ್ತು, 30 ಕೊಟ್ಟಿದ್ದರು, ಬಿಲ್ಲಿಗೆ 30 ಏರಿತ್ತು. ಬಳಸದೆ ಉಳಿದ 8 ವೈಯಲ್ ವಾರ್ಡಿನ ಫ್ರಿಜ್ಜಿನಲ್ಲೇ ಉಳಿದಿದ್ದವು. ವಾಪಸ್ ಅಂತ ಯಾರೂ ಬರೆದಿರಲಿಲ್ಲ. ಮೋಸ ಅಂತ ಹುಡುಕಿಕೊಂಡು ಹೋಗಿದ್ದ ನಮಗೆ ಸಿಕ್ಕಿದ್ದು ಇಷ್ಟು. ಆ 8 ವೈಯಲ್, ಕೊನೆ ದಿನದ ಐಸಿಯು ಚಾರ್ಜ್ ಸೇರಿ 11,900 ತೆಗೆದರು. ಬಾಕಿ 84,500 ಉಳಿಯಿತು. ನಮ್ಮ ಎ4 ಹಾಳೆಯ ಪ್ರಕಾರ ಎರಡು ಕಂತು. ಮೊದಲ ಕಂತು ಕಬ್ಬಿನ ಬಿಲ್ ಬಂದ ಮೇಲೆ ಕಟ್ಟಿದೆವು. ಬಿಲ್ ಬಂದದ್ದು ತಡವಾಗಿ. ಕಬ್ಬು ಕೊಟ್ಟ 14 ದಿನಕ್ಕೆ ದುಡ್ಡು ಕೊಡಬೇಕು ಅಂತ ಅದಕ್ಕೂ ಒಂದು ಕಾನೂನು ಇದೆ, ಅದರ ಪ್ರಕರಣ ಬರೆಯಲು ಕೂತರೆ ಈ ಜನ್ಮ ಸಾಲದು.

ಎಲ್ಲಿ ಸಡಿಲ ಇದೆ, ಏನು ಬಿಗಿ ಮಾಡಬಹುದು

ಈ ಪ್ರಕರಣದಲ್ಲಿ ಕಾಯ್ದೆ ಸೋತಿತು ಅಂತ ನಾನು ಹೇಳುವುದಿಲ್ಲ. ಕಾಯ್ದೆ ಇಲ್ಲದಿದ್ದರೆ ಬೋರಮಾಳ ಅವತ್ತೇ ಹೋಗುತ್ತಿತ್ತು. ಆದರೆ ನಮಗೆ ಅದು ದಕ್ಕಿದ್ದು ಮನೆಯಲ್ಲೊಬ್ಬ ಅರ್ಜಿ ಬರೆಯುವವನು ಇದ್ದ ಅಂತ. ಅದು ಯಾರಿಗೂ ದಕ್ಕುವ ಹಾಗೆ ಮಾಡಲು ಇನ್ನೊಂದು ಅಧಿವೇಶನ ಬೇಡ, ಇನ್ನೊಂದು ಮುಷ್ಕರವೂ ಬೇಡ. ನಿಯಮದಲ್ಲಿ, ಇಲ್ಲವೇ ಒಂದು ಸುತ್ತೋಲೆಯಲ್ಲಿ ಮುಗಿಯುವ ಕೆಲಸ.

ಮೊದಲನೆಯದು ಆ ಹಾಳೆ. ಸಾವಾದ ಕೂಡಲೇ ಆಸ್ಪತ್ರೆಯವರೇ ತುಂಬಿ ಕೊಡಬೇಕಾದ ಒಂದು ಪುಟದ ನಮೂನೆ ಕನ್ನಡದಲ್ಲಿ ಇರಲಿ. ಸಾವಿನ ಸಮಯ, ಎಂಎಲ್‌ಸಿ ಹೌದೋ ಅಲ್ಲವೋ, ಹೌದಾದರೆ ಠಾಣೆಗೆ ತಿಳಿಸಿದ ಸಮಯ, ಗೆರೆಯ ಕೆಳಗೆ ಬಾಕಿ ಮತ್ತು ಅದನ್ನು ಕಟ್ಟುವ ಬಗೆ. ಎರಡು ಸಮಯಗಳ ನಡುವೆ ಎಷ್ಟು ಅಂತರ ಇರಬಹುದು ಅಂತ ನಿಯಮ ಹೇಳಲಿ. ನನ್ನನ್ನು ಕೇಳಿದರೆ ಒಂದು ತಾಸು ಸಾಕು, ಫೋನ್ ಇರುವ ಕಾಲ ಇದು. ಇದರಿಂದ ಡಾಕ್ಟರಿಗೂ ಅನುಕೂಲ, ಅವರ ಬಾಕಿಗೆ ಸಹಿ ಇರುವ ಕಾಗದ ಸಿಗುತ್ತದೆ. ಈಗ ಏನಾಗಿದೆ ಅಂದರೆ ಕಾಯ್ದೆ ಆಸ್ಪತ್ರೆಯವರ ಕೈಯಿಂದ ಹೆಣ ಬಿಡಿಸಿತು, ಬದಲಿಗೆ ಏನೂ ಕೊಡಲಿಲ್ಲ. ಅವರಿಗೆ ಬೇರೆ ಹಿಡಿಕೆ ಇಲ್ಲದಿದ್ದರೆ ಹಳೆಯದನ್ನೇ ಹಿಡಿಯುತ್ತಾರೆ.

ಎರಡನೆಯದು ಸ್ವೀಕೃತಿ. ನಮ್ಮ ರಾಜ್ಯದಲ್ಲಿ 2011ರ ಸಕಾಲ ಕಾಯ್ದೆ ಇದೆ. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ ಮುದುಕಿಗೂ 15 ಅಂಕಿಯ ನಂಬರ್ ಸಿಗುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅಧಿಕಾರಿ ಕೈಯಿಂದ. ದುಡ್ಡು ದೊಡ್ಡದಲ್ಲ, ನಂಬರ್ ದೊಡ್ಡದು. ಆ ನಂಬರ್ ಬಂದ ಮೇಲೆ ನಾಡಕಚೇರಿಯವರು ಮಾತಾಡುವ ಧಾಟಿಯೇ ಬದಲಾದದ್ದನ್ನು ನಾನು ಎದುರಿನ ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಆಸ್ಪತ್ರೆ ದೂರಿಗೂ ಅಂಥದೇ ಒಂದು ನಂಬರ್ ಸಿಗಲಿ. ಅರ್ಜಿ ತಗೊಳ್ಳುವುದು ತಾಲೂಕಿನಲ್ಲೇ ಆಗಲಿ, ತಾಲೂಕು ಆರೋಗ್ಯಾಧಿಕಾರಿ ಇದ್ದಾರಲ್ಲ. ಕೂಲಿ ಬಿಟ್ಟು ಮೂರು ಸಲ ಜಿಲ್ಲೆಗೆ ಬರುವವನು ನಾಲ್ಕನೇ ಸಲ ಬರುವುದಿಲ್ಲ. ಗ್ರಾಹಕರ ಆಯೋಗ ಇದೆಯಲ್ಲ ಅನ್ನಬಹುದು. ಇದೆ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಆದರೆ 8 ವೈಯಲ್ ಎಣಿಸಲು ವಕೀಲರು, ವಾಯಿದೆ, ಇದೆಲ್ಲ ಯಾಕೆ?

ದರಪಟ್ಟಿ ಬಗ್ಗೆ ಒಂದೇ ಮಾತು. ಆ ಆಸ್ಪತ್ರೆಯಲ್ಲೂ ಇತ್ತು, ಮೆಟ್ಟಿಲ ಕೆಳಗೆ, ವಾಟರ್ ಫಿಲ್ಟರಿನ ಹಿಂದೆ. ಬಿಲ್ ಕೌಂಟರಿನ ಕಿಟಕಿ ಪಕ್ಕ ಇರಬೇಕು ಅಂತ ಜಾಗ ಹೇಳಿದರೆ ಸಾಕು. ಅಂದಾಜು ಖರ್ಚನ್ನೂ ಮೊದಲ ದಿನ ಬರೆದೇ ಕೊಡಲಿ, ದಾಟುವ ಹಾಗಿದ್ದರೆ ದಾಟುವ ಮುಂಚೆ ಹೇಳಲಿ.

ಪರಿಹಾರದ 2 ಲಕ್ಷ ಇನ್ನೂ ಬಂದಿಲ್ಲ. ಉತಾರ ದೊಡ್ಡಪ್ಪನ ಹೆಸರಿನಲ್ಲೇ ಇದೆ, ವಾಟ್ನಿ (ಆಸ್ತಿ ಪಾಲು) ಆಗಿಲ್ಲ. ವಂಶಾವಳಿ ಜೋಡಿಸಿ ಮತ್ತೆ ಕಳಿಸಿದ್ದೇನೆ, ಅದು ಬೇರೆ ಇಲಾಖೆ.

ಹೋದ ತಿಂಗಳು ಆ ಮ್ಯಾನೇಜರು ನನ್ನ ಅಂಗಡಿಗೆ ಬಂದಿದ್ದರು. ಆ ಹಾಳೆಯದು ಹೆಸರು ತೆಗೆದು ಒಂದು ನಮೂನೆ ಮಾಡಿ ಕೊಡಿ, ಇಟ್ಟುಕೊಳ್ಳುತ್ತೇವೆ ಅಂದರು. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ತೋರಿಸಿದೆ. ಕೆಳಗೆ "ಜಾಮೀನುದಾರರ ಸಹಿ" ಅಂತ ಒಂದು ಸಾಲು ಸೇರಿಸ್ರಿ ಅಂದರು. ಜಾಮೀನು ಸಿಗುವವರೆಗೆ ಹೆಣ ಕೊಡಲ್ಲ ಅಂತ ಆಗುತ್ತದೆ, ಅದು ಬರಲ್ಲ ಅಂದೆ. ಸ್ವಲ್ಪ ಹೊತ್ತು ವಾದ ಆಯಿತು. ಆ ಸಾಲು ಬಿಟ್ಟೇ 50 ಪ್ರತಿ ತೆಗೆದು ಕೊಟ್ಟೆ. ಪ್ರತಿಗೆ ಎರಡು ರೂಪಾಯಿ ಲೆಕ್ಕದಲ್ಲಿ ನೂರು ಕೊಟ್ಟು ಹೋದರು. ಆಸ್ಪತ್ರೆಗೆ ಹೋಗಿ ಪೆನ್ನಿನಿಂದ ಬರೆದುಕೊಂಡರೋ ಏನೋ, ಇನ್ನೂ ನೋಡಿಲ್ಲ.